ಕುದುರೆಯ ಬಾಲದಿಂದ ಕಾರಿನ ಸಾಗಣೆ ಪತ್ರದವರೆಗೆ

ದಲ್ಲಾಳಿ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮಲ್ಲಿ ಬಹುಮಂದಿ ಹುಬ್ಬು ಗಂಟಿಕ್ಕುತ್ತಾರೆ. ಆದರೆ ಅರಬ್ಬಿಯಿಂದ ಬಂದ ಈ ಪದದ ಮೂಲಧಾತುವಿನಲ್ಲಿರುವ ಅರ್ಥ ‘ದಾರಿ ತೋರು’ ಎಂಬುದು. ಕೊಳ್ಳುವವನಿಗೆ ಮಾರುವವನ ದಾರಿಯನ್ನೂ, ಸರಕಿಗೆ ಬಂಡಿಯ ದಾರಿಯನ್ನೂ ತೋರಿಸುವವನೇ ದಲ್ಲಾಳಿ. ಅಂಥವನಿಲ್ಲದೆ ದೂರದ ವ್ಯಾಪಾರವು ಯಾವ ಕಾಲದಲ್ಲಿಯೂ ನಡೆದಿಲ್ಲ. ಕಲಹ ಹುಟ್ಟುವುದು ದಾರಿಯಲ್ಲಿ ಸರಕಿಗೆ ಹಾನಿಯಾದಾಗ. ಆಗ ನಷ್ಟ ಯಾರದು? ಒಡೆಯನದೋ, ಹೊತ್ತೊಯ್ದವನದೋ, ನಡುವೆ ನಿಂತು ದಾರಿ ತೋರಿದವನದೋ?

ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳೂ ಬಂಧುಗಳೂ ಕೆಲಸ ಬದಲಾದಾಗಲೆಲ್ಲ ಒಂದು ರಾಜ್ಯದಿಂದ ಮತ್ತೊಂದಕ್ಕೆ ತಮ್ಮ ಕಾರನ್ನು ಲಾರಿಯಲ್ಲಿ ಕಳುಹಿಸುವುದುಂಟು. ಆ ವ್ಯವಸ್ಥೆಯನ್ನು ಮಾಡಿಕೊಡುವವನು ಸಾಮಾನ್ಯವಾಗಿ ಒಬ್ಬ ದಲ್ಲಾಳಿ. ಅವರ ಅನುಭವಗಳನ್ನು ಕೇಳುತ್ತ ಬಂದಂತೆ, ಇದರ ಹಿಂದಿನ ಇತಿಹಾಸವನ್ನು ಒಂದೆಡೆ ಬರೆದಿಡಬೇಕೆನಿಸಿತು.

ಆರಂಭವನ್ನು ನಮ್ಮ ನಾಡಿನಿಂದಲೇ ಮಾಡಬಹುದು. ವಿಜಯನಗರದ ಸೈನ್ಯಕ್ಕೆ ಉತ್ತಮ ಕುದುರೆಗಳು ಕಡಲಾಚೆಯಿಂದ ಬರಬೇಕಾಗಿತ್ತು. ಅರಬ್ಬಿ ಮತ್ತು ಪಾರಸಿ ಕುದುರೆಗಳು ಭಟ್ಕಳ, ಹೊನ್ನಾವರ, ಗೋವೆಗಳಂಥ ಬಂದರುಗಳಲ್ಲಿ ಇಳಿಯುತ್ತಿದ್ದವು. ಹದಿನಾರನೆಯ ಶತಮಾನದಲ್ಲಿ ಆ ರಾಜಧಾನಿಯಲ್ಲಿದ್ದು ವೃತ್ತಾಂತ ಬರೆದ ಪೋರ್ಚುಗೀಸ ಫೆರ್ನಾವೋ ನೂನಿಜ್, ಸಾಳುವ ನರಸಿಂಹನ (1485–1491) ಬಗ್ಗೆ ಒಂದು ಸ್ವಾರಸ್ಯಕರ ಸಂಗತಿಯನ್ನು ದಾಖಲಿಸಿದ್ದಾನೆ. ಆ ಅರಸನು ಹೊರ್ಮುಜ್ ಮತ್ತು ಏಡನ್‌ಗಳಿಂದ ಕುದುರೆಗಳನ್ನು ತರಿಸುತ್ತ, ಸಾವಿರ ಪರ್ದಾವುಗಳಿಗೆ ಮೂರರಂತೆ ಕೊಳ್ಳುತ್ತಿದ್ದನಂತೆ. ಬದುಕಿ ಬಂದ ಕುದುರೆಗೆ ಮಾತ್ರವಲ್ಲ, ಹಡಗಿನಲ್ಲಿ ಸತ್ತ ಕುದುರೆಗೂ ಅದೇ ಬೆಲೆ. ಸತ್ತುದಕ್ಕೆ ಸಾಕ್ಷಿಯಾಗಿ ವ್ಯಾಪಾರಿಯು ಅದರ ಬಾಲವನ್ನು ತಂದು ತೋರಿಸಿದರೆ ಸಾಕಾಗಿತ್ತು!

ತರಗತಿಯಲ್ಲಿ ಇದನ್ನು ಹೇಳಿದಾಗ ಮಕ್ಕಳು ನಗುತ್ತಿದ್ದರು. ಆದರೆ ಅರಸನು ಮೂಢನಾಗಿರಲಿಲ್ಲ. ಕಡಲಯಾನದ ಅಪಾಯಕ್ಕೆ ಹೆದರಿ ವ್ಯಾಪಾರಿಗಳು ಹಿಂಜರಿದರೆ ಕುದುರೆಗಳು ಬರುವುದಿಲ್ಲ. ಕುದುರೆಗಳಿಲ್ಲದಿದ್ದರೆ ರಾಜ್ಯ ಉಳಿಯುವುದಿಲ್ಲ. ಆದ್ದರಿಂದ ದಾರಿಯ ನಷ್ಟವನ್ನು ಆತ ತನ್ನ ಬೊಕ್ಕಸದ ಮೇಲೆಯೇ ಹಾಕಿಕೊಂಡ. ‘ನಷ್ಟ ಯಾರದು’ ಎಂಬ ಪ್ರಶ್ನೆಗೆ ಇದೊಂದು ಉತ್ತರ. ಸಾಕ್ಷಿ ಇದ್ದರಷ್ಟೇ ಹಣ ಎಂಬ ನಿಯಮ ಅಂದೂ ಇತ್ತೆಂಬುದನ್ನು ಗಮನಿಸಬೇಕು.

ಇಂಗ್ಲೆಂಡಿನ ನ್ಯಾಯಾಲಯಗಳು ಬೇರೊಂದು ಉತ್ತರ ಕೊಟ್ಟವು. 1703ರಲ್ಲಿ ಬ್ರಾಂದಿಯ ಪೀಪಾಯಿಗಳ ಸಾಗಣೆಯ ಒಂದು ಮೊಕದ್ದಮೆಯಲ್ಲಿ ಮುಖ್ಯ ನ್ಯಾಯಾಧೀಶ ಹೋಲ್ಟ್, ಕೂಲಿ ಪಡೆದು ಎಲ್ಲರ ಸರಕನ್ನೂ ಒಯ್ಯುವ ಸಾಗಣೆದಾರನ ಹೊಣೆಯನ್ನು ವಿವರಿಸಿದ. ದೈವೋತ್ಪಾತ ಮತ್ತು ರಾಜನ ಶತ್ರುಗಳ ದಾಳಿ, ಇವೆರಡನ್ನು ಬಿಟ್ಟರೆ ಉಳಿದೆಲ್ಲ ಹಾನಿಗೂ ಅವನೇ ಬಾಧ್ಯ. ಇಷ್ಟು ಕಠಿಣ ನಿಯಮವೇಕೆಂದರೆ, ಇಲ್ಲದಿದ್ದರೆ ಸಾಗಣೆದಾರನು ಕಳ್ಳರೊಡನೆ ಗುಟ್ಟಾಗಿ ಕೈಜೋಡಿಸಬಹುದು. ದೂರದಲ್ಲಿರುವ ಒಡೆಯನಿಗೆ ಅದನ್ನು ರುಜುವಾತುಪಡಿಸುವ ದಾರಿಯೇ ಇರುವುದಿಲ್ಲ. ಭಾರತದಲ್ಲಿ ಬ್ರಿಟಿಷರು ತಂದ 1865ರ ಸಾಗಣೆದಾರರ ಕಾಯಿದೆಯೂ ಇದೇ ಮನೆತನದ್ದು. ಸಾಗಣೆದಾರನು ಅಜಾಗರೂಕನಾಗಿದ್ದನೆಂದು ಒಡೆಯನು ಸಾಧಿಸಬೇಕಾಗಿಲ್ಲ ಎಂದು ಅದು ಸ್ಪಷ್ಟವಾಗಿ ಹೇಳಿತು.

ಅಮೆರಿಕದಲ್ಲಿ ರೈಲುಗಳು ಹಬ್ಬಿದ ಮೇಲೆ ಹೊಸ ತೊಡಕು ಎದುರಾಯಿತು. ಒಂದು ಪೆಟ್ಟಿಗೆಯು ಮೂರು ನಾಲ್ಕು ಕಂಪನಿಗಳ ಹಳಿಗಳ ಮೇಲೆ ಸಾಗಿ ಊರು ಸೇರಬೇಕು. ಒಡೆದುಹೋದರೆ ಪ್ರತಿಯೊಬ್ಬರೂ ಪಕ್ಕದವರತ್ತ ಬೆರಳು ತೋರುವವರೇ. 1906ರ ಕಾರ್ಮ್ಯಾಕ್ ತಿದ್ದುಪಡಿ ಈ ಜಗಳವನ್ನು ಮುಗಿಸಿತು. ಸರಕನ್ನು ಮೊದಲು ಸ್ವೀಕರಿಸಿದ ಕಂಪನಿಯೇ ಒಡೆಯನಿಗೆ ಉತ್ತರ ಕೊಡಬೇಕು. ತಪ್ಪು ಯಾರದೆಂಬುದನ್ನು ಅವರವರು ಆಮೇಲೆ ತೀರ್ಮಾನಿಸಿಕೊಳ್ಳಲಿ.

ಅಷ್ಟರಲ್ಲಿ ಕಾರು ಹುಟ್ಟಿತ್ತು. ಕ್ಲೀವ್‌ಲ್ಯಾಂಡಿನ ಅಲೆಕ್ಸಾಂಡರ್ ವಿಂಟನ್ 1898ರಲ್ಲಿ ಕಾರುಗಳನ್ನು ಮಾರಲಾರಂಭಿಸಿದಾಗ, ದೂರದ ಗಿರಾಕಿಯ ಮನೆಗೆ ಓಡಿಸಿಕೊಂಡು ಹೋದರೆ ಹೊಸ ಕಾರು ಹಳೆಯದಾಗುತ್ತದೆಂಬ ಸಮಸ್ಯೆ ಎದುರಾಯಿತು. ಕಾರನ್ನು ಹೇರಿ ಎಳೆದೊಯ್ಯುವ ಗಾಡಿಯೊಂದನ್ನು ಆತ ರೂಪಿಸಿದ. ಮುಂದೆ ರೈಲಿನ ಮುಚ್ಚಿದ ಡಬ್ಬಿಗಳಲ್ಲಿಯೂ, ಕ್ರಮೇಣ ಹಲವು ಕಾರುಗಳನ್ನು ಹೊರುವ ಲಾರಿಗಳಲ್ಲಿಯೂ ಕಾರುಗಳು ಪ್ರಯಾಣ ಮಾಡಿದವು. 1970ರ ದಶಕದಲ್ಲಿ ಷೆವರ್ಲೆ ವೇಗಾ ಎಂಬ ಕಾರನ್ನು ಮೂಗು ಕೆಳಗಾಗಿ ನೇತುಹಾಕಿ, ಮಾಮೂಲು 18ರ ಬದಲು 30 ಕಾರುಗಳನ್ನು ಒಂದೇ ಡಬ್ಬಿಯಲ್ಲಿ ಕಳುಹಿಸಿದ್ದೂ ಉಂಟು! ಹಾಗೆ ನೇತಾಡುವಾಗ ಎಣ್ಣೆ ಸೋರದಂತೆ ಎಂಜಿನ್ನನ್ನೇ ಅದಕ್ಕೆ ತಕ್ಕಂತೆ ರೂಪಿಸಲಾಗಿತ್ತು.

ಲಾರಿಗಳ ಸಂಖ್ಯೆ ಏರಿದಂತೆ ಅವುಗಳಿಗೆ ಸರಕು ಹುಡುಕಿಕೊಡುವ ದಲ್ಲಾಳಿಗಳೂ ಹೆಚ್ಚಿದರು. 1935ರ ಮೋಟಾರು ಸಾಗಣೆದಾರರ ಕಾಯಿದೆಯು ಲಾರಿಗಳನ್ನು ರೈಲುಗಳಂತೆಯೇ ಅಂತರರಾಜ್ಯ ವಾಣಿಜ್ಯ ಆಯೋಗದ ಹತೋಟಿಗೆ ತಂದಿತು. ಕಾರ್ಮ್ಯಾಕ್ ನಿಯಮವು ಲಾರಿಗಳಿಗೂ ಅನ್ವಯವಾಯಿತು. ಅದೇ ಕಾಯಿದೆಯು ದಲ್ಲಾಳಿಯನ್ನು ಪ್ರತ್ಯೇಕ ವರ್ಗವಾಗಿ ಗುರುತಿಸಿ, ಪರವಾನಗಿಯನ್ನೂ ಜಾಮೀನು ಠೇವಣಿಯನ್ನೂ ಕಡ್ಡಾಯಗೊಳಿಸಿತು. ಇತಿಹಾಸದ ತಿರುವು ಇರುವುದು ಇಲ್ಲಿಯೇ. ದಲ್ಲಾಳಿಗೆ ಕಾನೂನಿನ ಮನ್ನಣೆ ದೊರೆತರೂ ಆತ ಸಾಗಣೆದಾರನಲ್ಲವೆಂದಾಯಿತು. ಹೀಗಾಗಿ ಹಾನಿಯ ಹೊಣೆ ಲಾರಿಯವನದು. ಕೇವಲ ದಾರಿ ತೋರಿದವನು ಆ ನಿಯಮದ ಹೊರಗೆ.

1980ರಲ್ಲಿ ಅಧ್ಯಕ್ಷ ಕಾರ್ಟರ್ ಸಹಿ ಹಾಕಿದ ಹೊಸ ಕಾಯಿದೆಯು ಲಾರಿ ಉದ್ಯಮದ ಬಾಗಿಲನ್ನು ಅಗಲವಾಗಿ ತೆರೆಯಿತು. ಒಂದೆರಡು ಲಾರಿಗಳ ಸಣ್ಣ ಮಾಲೀಕರು ಹುಟ್ಟಿಕೊಂಡರು, ದಲ್ಲಾಳಿಗಳೂ ಹೆಚ್ಚಿದರು. 1995ರ ಕೊನೆಗೆ ಆ ಹಳೆಯ ಆಯೋಗವೇ ಮುಚ್ಚಿತು. 2000ನೆಯ ಇಸವಿಯ ಜನವರಿ 1ರಂದು ಲಾರಿಗಳ ಸುರಕ್ಷತೆಗಾಗಿಯೇ ಒಂದು ಹೊಸ ಕೇಂದ್ರ ಇಲಾಖೆ ಆರಂಭವಾಯಿತು. ದಲ್ಲಾಳಿಯ ಜಾಮೀನು ಬಹುಕಾಲ ಕೇವಲ 10,000 ಡಾಲರ್ ಆಗಿತ್ತು. 2012ರ ಶಾಸನವು ಅದನ್ನು 75,000ಕ್ಕೆ ಏರಿಸಿತು. ಆದರೆ 2011ರ ಮಾರ್ಚಿನಿಂದ, ಮನೆಸಾಮಾನು ಒಯ್ಯುವವರನ್ನು ಬಿಟ್ಟರೆ, ಸರಕಿನ ವಿಮೆಯ ದಾಖಲೆಯನ್ನು ಸರಕಾರಕ್ಕೆ ಸಲ್ಲಿಸಬೇಕೆಂಬ ಕಡ್ಡಾಯವನ್ನು ಕೇಂದ್ರವು ತೆಗೆದುಹಾಕಿತು. ಆದ್ದರಿಂದ ಕಾರನ್ನು ಒಪ್ಪಿಸುವ ಮುನ್ನ ಲಾರಿಯವನ ವಿಮಾ ಪತ್ರವನ್ನು ಒಡೆಯನೇ ಕೇಳಿ ನೋಡಬೇಕು.

ಇಷ್ಟಾದರೂ ದಲ್ಲಾಳಿ ಬೇಕೇ ಬೇಕು. ಕ್ಯಾಲಿಫೋರ್ನಿಯದಿಂದ ಹೊರಟ ಲಾರಿಯಲ್ಲಿ ಒಂದು ಕಾರಿನ ಜಾಗ ಖಾಲಿ ಇದೆಯೆಂಬುದು ಟೆಕ್ಸಾಸಿಗೆ ಹೊರಟ ನಮ್ಮ ಹುಡುಗನಿಗೆ ತಿಳಿಯುವುದು ಹೇಗೆ? ದಲ್ಲಾಳಿಯು ಕಾರಿನ ವಿವರವನ್ನೂ ದರವನ್ನೂ ಲಾರಿಯವರು ನೋಡುವ ಪಟ್ಟಿಯಲ್ಲಿ ಹಾಕುತ್ತಾನೆ. ದರ ಒಪ್ಪಿಗೆಯಾದ ಚಾಲಕ ಎತ್ತಿಕೊಳ್ಳುತ್ತಾನೆ. ಮೋಸದ ಬೀಜವೂ ಇಲ್ಲಿಯೇ ಇದೆ. ಗಿರಾಕಿಯನ್ನು ಸೆಳೆಯಲು ತೀರ ಕಡಿಮೆ ದರ ಹೇಳಿ ಮುಂಗಡ ಪಡೆದರೆ, ಆ ದರಕ್ಕೆ ಯಾವ ಲಾರಿಯೂ ಬರುವುದಿಲ್ಲ. ಮನೆ ಖಾಲಿ ಮಾಡುವ ದಿನ ಹತ್ತಿರವಾದಾಗ ಇನ್ನಷ್ಟು ಹಣ ಕೊಡಿ ಎಂಬ ಫೋನು ಬರುತ್ತದೆ. ಎಲ್ಲರಿಗಿಂತ ಅಗ್ಗದ ದರವು ಬಹುವೇಳೆ ದರವೇ ಅಲ್ಲ.

ನನ್ನ ವಿದ್ಯಾರ್ಥಿಯೊಬ್ಬನ ಕಾರು ನ್ಯೂಜೆರ್ಸಿಯಿಂದ ಟೆಕ್ಸಾಸ್ ತಲಪಿದ್ದು ರಾತ್ರಿ ಹೊತ್ತಿನಲ್ಲಿ. ಚಾಲಕನಿಗೆ ಆತುರ, ಸಾಗಣೆ ಪತ್ರಕ್ಕೆ ಬೇಗನೆ ಸಹಿ ಹಾಕೆಂದು ಒತ್ತಾಯ. ಅವನ ಹೆಂಡತಿ ಮಾತ್ರ ಪಟ್ಟು ಬಿಡದೆ ಟಾರ್ಚ್ ಹಿಡಿದು ಕಾರಿನ ಸುತ್ತ ಬಂದಳು. ಎಡಬಾಗಿಲು ನಗ್ಗಿತ್ತು. ಅದನ್ನು ಪತ್ರದಲ್ಲಿ ಬರೆಸಿ, ಚಿತ್ರ ತೆಗೆದು, ಆಮೇಲೆಯೇ ಸಹಿಗೆ ಬಿಟ್ಟಳು. ಮರುದಿನ ದಲ್ಲಾಳಿಯು ‘ಲಾರಿಯವನನ್ನು ಕೇಳಿ’ ಎಂದ. ಲಾರಿಯವನು ಫೋನು ಎತ್ತಲಿಲ್ಲ. ದಂಪತಿಗಳು ಸಾಗಣೆದಾರನಿಗೂ ಅವನ ವಿಮೆಯವರಿಗೂ ಬರಹದಲ್ಲಿ ದೂರು ಸಲ್ಲಿಸಿದರು. ಕೆಲವು ತಿಂಗಳ ಮೇಲೆ ರಿಪೇರಿಯ ಹಣ ಬಂತು. ಆ ಒಂದು ಸಾಲು ಬರಹವಿಲ್ಲದಿದ್ದರೆ ಬರುತ್ತಿತ್ತೆಂದು ನನಗೆ ತೋರುವುದಿಲ್ಲ. ಸಾಳುವ ನರಸಿಂಹನ ಆಸ್ಥಾನಕ್ಕೆ ಕುದುರೆಯ ಬಾಲವಿದ್ದಂತೆ, ಇಲ್ಲಿ ಆ ಸಾಗಣೆ ಪತ್ರ.

ಇನ್ನು ನಮ್ಮ ದೇಶದ ಮಾತು. 1865ರ ಕಾಯಿದೆಯ ಸ್ಥಾನದಲ್ಲಿ ಬಂದ 2007ರ ರಸ್ತೆ ಸಾಗಣೆ ಕಾಯಿದೆಯು 2011ರಲ್ಲಿ ಜಾರಿಯಾಯಿತು. ರಸೀದಿ ಕೊಟ್ಟು ಸರಕು ಸಾಗಿಸುವ ಸಾಗಣೆದಾರ ಯಾರೆಂದು ವ್ಯಾಖ್ಯಾನಿಸುವಾಗ ಅದು ಬುಕಿಂಗ್ ಕಂಪನಿ, ಗುತ್ತಿಗೆದಾರ, ಏಜೆಂಟ್, ದಲ್ಲಾಳಿ ಇವರೆಲ್ಲರನ್ನೂ ಆ ಹೆಸರಿನೊಳಗೇ ಸೇರಿಸಿದೆ. ಅಮೆರಿಕವು ಹೊರಗಿಟ್ಟವನನ್ನು ನಮ್ಮ ಶಾಸನವು ಒಳಗೆ ಕರೆದು ಕೂರಿಸಿದೆ! ಪುಣೆಯಿಂದ ಬೆಂಗಳೂರಿಗೆ ಕಾರು ಕಳುಹಿಸುವವರಿಗೆ ಇದು ನೆನಪಿರಬೇಕು. ಆದರೆ ಹೆಚ್ಚಿನ ಹೊಣೆಯ ದರ ಕೊಟ್ಟು, ಮೌಲ್ಯವನ್ನು ಮೊದಲೇ ಬರೆಸದಿದ್ದರೆ ಪರಿಹಾರಕ್ಕೆ ಮಿತಿಯುಂಟು. ದಾವೆ ಹೂಡುವ ಮುನ್ನ, ಬುಕ್ ಮಾಡಿದ ದಿನದಿಂದ 180 ದಿನಗಳೊಳಗೆ ಲಿಖಿತ ನೋಟಿಸು ಕೊಟ್ಟಿರಲೇಬೇಕು. ಅಮೆರಿಕದಲ್ಲಿ ದೂರು ಸಲ್ಲಿಸಲು ಸಾಗಣೆದಾರನು ಕನಿಷ್ಠ 9 ತಿಂಗಳ ಅವಕಾಶ ಕೊಡಬೇಕೆಂದು ಅಲ್ಲಿನ ಶಾಸನ ಹೇಳುತ್ತದೆ.

ಆದ್ದರಿಂದ ಆತ್ಮೀಯರೇ, ದೂರದೂರಿಗೆ ಕಾರು ಕಳುಹಿಸುವಾಗ ದಲ್ಲಾಳಿಯನ್ನು ಶಪಿಸಬೇಡಿ, ಕಣ್ಣುಮುಚ್ಚಿ ನಂಬಲೂ ಬೇಡಿ. ‘ತಾವು ಸಾಗಣೆದಾರರೋ, ದಲ್ಲಾಳಿಗಳೋ?’ ಎಂದು ಮೊದಲೇ ಕೇಳಿರಿ. ಅಮೆರಿಕದಲ್ಲಿ ದಲ್ಲಾಳಿಯು ತಾನೇ ಸಾಗಣೆದಾರನೆಂದು ಹೇಳಿಕೊಳ್ಳುವಂತಿಲ್ಲ. ಲಾರಿಯ ಮಾಲೀಕ ಯಾರೆಂದು ಕೇಳಿರಿ. ಹಗಲು ಬೆಳಕಿನಲ್ಲಿ ಕಾರಿನ ನಾಲ್ಕೂ ಕಡೆ ಚಿತ್ರ ತೆಗೆದಿಡಿರಿ. ಇತಿಹಾಸದ ಪಾಠವನ್ನು ಪರೀಕ್ಷೆಗಾಗಿ ಓದಿದ ನಿಮಗೆ, ಐದು ನೂರು ವರ್ಷದ ಹಿಂದಿನ ಒಂದು ಬಾಲವು ಇಂದು ಒಂದು ಬಾಗಿಲನ್ನಾದರೂ ಉಳಿಸಿದರೆ ಮೇಷ್ಟ್ರಿಗೆ ಅಷ್ಟೇ ಸಂತೋಷ.