ಹೈಫಾಕ್ಕೆ ಮೊದಲಿನ ನಡಿಗೆ

ನಮ್ಮ ಆದಿಚುಂಚನಗಿರಿಯಿಂದ ಬೆಳ್ಳೂರು ಕ್ರಾಸಿಗೆ ಬಂದು ಬೆಂಗಳೂರಿನ ದಾರಿ ಹಿಡಿದರೆ ಕುಣಿಗಲ್ ಸಿಗುತ್ತದೆ. ಟಿಪ್ಪು ಸುಲ್ತಾನನು ತನ್ನ ಅಶ್ವದಳಕ್ಕೆಂದು ಕುದುರೆಗಳನ್ನು ಬೆಳೆಸಿದ ಊರದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೂ ಮೈಸೂರಿನಲ್ಲಿ ಈ ವಿದ್ಯೆ ಅಳಿಯಲಿಲ್ಲ. ದಿವಾನ್ ಪೂರ್ಣಯ್ಯನವರ ಕಾಲದ ಸಿಲೇದಾರರು ಸ್ವಂತ ಕುದುರೆಯೊಡನೆ ಚಾಕರಿಗೆ ಸೇರುತ್ತಿದ್ದರು. ಕುದುರೆ ಕುಂಟಾದರೆ ಅವರ ಮನೆಯ ಅನ್ನಕ್ಕೇ ಸಂಚಕಾರ.

ಆ ಸಿಲೇದಾರರ ಪರಂಪರೆಯಲ್ಲೇ ರೂಪುಗೊಂಡ ಮೈಸೂರು ಲ್ಯಾನ್ಸರ್ಸ್ ದಳವು 1914ರಲ್ಲಿ ಸಮುದ್ರ ದಾಟಿ ಈಜಿಪ್ಟಿಗೆ ಹೋಯಿತು. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಜೋಧ್‌ಪುರದವರೊಡನೆ ಅದು ನಡೆಸಿದ ದಾಳಿಯನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ವರ್ಣಿಸಿದ್ದೇನೆ. ಹುಡುಗರಿಗೆ ನಾಗಾಲೋಟವೇ ಬೇಕು! ಆದರೆ ಅದಕ್ಕೂ ಹಿಂದೆ ಒಂದು ನಿಧಾನದ ನಡಿಗೆಯಿತ್ತು.

ಹಡಗಿನ ಇಕ್ಕಟ್ಟಾದ ಕಟಕಟೆಯಲ್ಲಿ ಹಗಲಿರುಳು ನಿಂತೇ ಬಂದ ಕುದುರೆಯ ಕಾಲು ಬಾತಿರುತ್ತದೆ, ಮಾಂಸಖಂಡ ಕರಗಿರುತ್ತದೆ. ಅಂಥದ್ದಕ್ಕೆ ಜೀನು ಹಾಕಿ ಓಡಿಸುವುದು ಅದನ್ನು ಕೊಂದಂತೆ. ಅದೇ ಚಳಿಗಾಲದಲ್ಲಿ ಈಜಿಪ್ಟಿಗೆ ಬಂದಿಳಿದ ಆಸ್ಟ್ರೇಲಿಯಾದ ಸವಾರರು ತಮ್ಮ ಕುದುರೆಗಳನ್ನು ಏರದೆ, ಲಗಾಮು ಹಿಡಿದು ಮರಳಿನಲ್ಲಿ ವಾರಗಟ್ಟಲೆ ನಡೆಸಿದರು. ಮೊದಲು ಬರಿಯ ನಡಿಗೆ, ಅನಂತರ ಏರು ದಾರಿ, ಆಮೇಲೆ ಕುಕ್ಕುಲೋಟ, ನಾಗಾಲೋಟ ಕಟ್ಟಕಡೆಗೆ. ಅಶ್ವದಳಗಳ ಕ್ರಮವೇ ಇದು. ಇದರ ಮರ್ಮ ಕೇಳಿ: ಉಸಿರು ಮತ್ತು ಮಾಂಸಖಂಡ ಕೆಲವೇ ವಾರಗಳಲ್ಲಿ ಚೇತರಿಸಿಕೊಳ್ಳುತ್ತವೆ, ಸ್ನಾಯುರಜ್ಜು, ಮೂಳೆಗಳಿಗೆ ತಿಂಗಳುಗಳೇ ಬೇಕು. ಕುದುರೆ ಹುರುಪಿನಿಂದ ಕುಣಿಯತೊಡಗಿದ ಘಳಿಗೆಯೇ ಅಪಾಯದ ಘಳಿಗೆ. ಆದ್ದರಿಂದ ಬಲ್ಲ ಸವಾರನು ದಿನವೂ ಬೆಳಗ್ಗೆ ಕಾಲನ್ನು ಅಂಗೈಯಿಂದ ಸವರಿ, ಎಲ್ಲಾದರೂ ಬಿಸಿ ತಗಲುತ್ತದೆಯೇ ಎಂದು ನೋಡುತ್ತಾನೆ. ತಗಲಿದರೆ ಅಂದು ವಿಶ್ರಾಂತಿ.

ಮೇವಿಗೂ ಇದೇ ನಿಯಮ. ನಮ್ಮ ನಾಗಮಂಗಲದ ಬೆದ್ದಲಿನಲ್ಲಿ ಬೆಳೆಯುವ ಹುರುಳಿಯನ್ನೇ ಬೇಯಿಸಿ ದಕ್ಷಿಣದ ಕುದುರೆಗಳಿಗೆ ಇಡುತ್ತಿದ್ದರು. ಕೆಲಸವಿಲ್ಲದ ದಿನ ಕಾಳನ್ನು ಕಡಿಮೆ ಮಾಡಲೇಬೇಕು. ಭಾನುವಾರ ಹೊಟ್ಟೆ ತುಂಬ ತಿಂದು ನಿಂತ ಕುದುರೆ ಸೋಮವಾರ ದುಡಿಯಹೋದರೆ ಸೊಂಟದ ಮಾಂಸ ಮರಗಟ್ಟಿ, ಮೂತ್ರ ಕಪ್ಪಾಗಿ ಬಿದ್ದುಬಿಡುವುದುಂಟು. ಇದಕ್ಕೆ ಸೋಮವಾರದ ಬೇನೆಯೆಂದೇ ಹೆಸರು.

ದೆಹಲಿಯ ತೀನ್ ಮೂರ್ತಿ ಸ್ಮಾರಕದಲ್ಲಿ ಮೈಸೂರು, ಜೋಧ್‌ಪುರ, ಹೈದರಾಬಾದುಗಳ ಮೂವರು ಯೋಧರು ನೆಲದ ಮೇಲೆ ನಿಂತಿದ್ದಾರೆ. ಅವರನ್ನು ಹೊತ್ತವು ಅಲ್ಲಿಲ್ಲ. ನನಗೆ ಇದು ಕೊರತೆಯಾಗಿಯೇ ಕಾಣುತ್ತದೆ. ಹೈಫಾದ ನಂತರವೂ ಅವುಗಳಿಗೆ ಬಿಡುವಿರಲಿಲ್ಲ. ಒಂದೇ ತಿಂಗಳಲ್ಲಿ ಮೈಸೂರಿನ ಸವಾರರು ಉತ್ತರಕ್ಕೆ ಅಲೆಪ್ಪೊದವರೆಗೂ ಸಾಗಿ, ಅಕ್ಟೋಬರ್ 26ರಂದು ಹರಿತಾನ್ ಬಳಿ ಮತ್ತೆ ಕಾದಿದರು.