ಇಂಧನ ಮುಚ್ಚಳದ ಎಚ್ಚರಿಕೆ ದೀಪ: ತಿಳಿದಿರಬೇಕಾದುದು

ಕುಂಜತ್ತೂರಿನಿಂದ ತಲಪಾಡಿ ಗಡಿ ದಾಟಿ ಪೆಟ್ರೋಲ್ ತುಂಬಿಸಿಕೊಂಡು ಬರುವುದು ನಮ್ಮಲ್ಲಿ ಅನೇಕರ ರೂಢಿ. ಕೇರಳದಲ್ಲಿ ತೆರಿಗೆ ಹೆಚ್ಚು. 2023ರ ಏಪ್ರಿಲ್‌ನಿಂದ ಲೀಟರಿಗೆ 2 ರೂಪಾಯಿ ಸೆಸ್ ಬೇರೆ. ಅವಸರದಲ್ಲಿ ತುಂಬಿಸಿದಾಗ ಟ್ಯಾಂಕಿನ ಮುಚ್ಚಳ ಸಡಿಲವಾಗಿ ಉಳಿಯುವುದುಂಟು.

ಟ್ಯಾಂಕಿನಲ್ಲಿ ಏಳುವ ಪೆಟ್ರೋಲಿನ ಆವಿಯನ್ನು ಇದ್ದಿಲು ತುಂಬಿದ ಡಬ್ಬಿಯೊಂದು ಹೀರಿಟ್ಟುಕೊಂಡು ಬಳಿಕ ಎಂಜಿನಿಗೆ ಒಪ್ಪಿಸುತ್ತದೆ. ಅಮೆರಿಕದ ಮಾರುಕಟ್ಟೆಗೆಂದು ತಯಾರಾದ ಕಾರುಗಳು ಈ ಆವಿಯ ಸೋರಿಕೆಯನ್ನು ತಾವೇ ಪರೀಕ್ಷಿಸಿ ದೀಪ ಬೆಳಗಿಸುತ್ತವೆ. ಗಲ್ಫ್‌ನಲ್ಲಿ ಅಂತಹ ಹಳೆಯ ಕಾರು ಕೊಂಡ ನಮ್ಮವರಿಗೆ ಇದು ಪರಿಚಿತವಾಗಿರಬಹುದು. ಇಲ್ಲಿಯ ಕಾರುಗಳಲ್ಲೆಲ್ಲ ಆ ಪರೀಕ್ಷೆಯಿಲ್ಲ. ಆದುದರಿಂದ ದೀಪ ಉರಿಯಲಿಲ್ಲವೆಂದು ನಿಶ್ಚಿಂತರಾಗುವಂತಿಲ್ಲ. ಪಂಪಿನಿಂದ ಹೊರಡುವ ಮೊದಲೇ ಮುಚ್ಚಳ ಮುಟ್ಟಿ ನೋಡಬೇಕು. ಮಳೆಗಾಲದಲ್ಲಿ ಸಡಿಲ ಮುಚ್ಚಳದ ಮೂಲಕ ಟ್ಯಾಂಕಿಗೆ ನೀರೂ ಇಳಿಯಬಹುದು.

ದೀಪ ಕಂಡರೆ ಹೆದ್ದಾರಿಯ ಬದಿಯ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಮುಚ್ಚಳದ ರಬ್ಬರ್ ವಾಷರ್ ಬಿರಿದಿದೆಯೇ ನೋಡಿ, ‘ಟಿಕ್’ ಎಂಬ ಸದ್ದು ಕೇಳುವವರೆಗೆ ತಿರುಗಿಸಬೇಕು. ದೀಪ ಕೂಡಲೇ ಆರದು. ಕೆಲವು ದಿನಗಳ ಓಡಾಟ ಬೇಕಾಗುತ್ತದೆ. ಅನಂತರವೂ ಆರದಿದ್ದರೆ ಮೆಕ್ಯಾನಿಕ್‌ಗೆ ತೋರಿಸಬೇಕು. ಎಂಜಿನ್ ದೀಪ ಮಿನುಗತೊಡಗಿದರೆ ದೋಷ ಮುಚ್ಚಳದ್ದಲ್ಲ, ಮುಂದೆ ಓಡಿಸಬಾರದು. ಪೆಟ್ರೋಲಿನ ವಾಸನೆ ಕಾರಿನೊಳಗೇ ಬಂದರೆ ಮೊದಲು ಮಕ್ಕಳನ್ನು ಇಳಿಸಬೇಕು.