ಹ್ಯೂರನ್ ಸರೋವರದಲ್ಲಿ ಒಂದು ಜೀರ್ಣೋದ್ಧಾರ

ಹತ್ತನೆಯ ತರಗತಿಯಲ್ಲಿ ನಾನು 1929ರ ಆರ್ಥಿಕ ಮುಗ್ಗಟ್ಟಿನ ಪಾಠ ಮಾಡುತ್ತಿದ್ದುದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಕಾರಣಗಳು ನಾಲ್ಕು, ಪರಿಣಾಮಗಳು ಐದು ಎಂದು ಕಪ್ಪುಹಲಗೆಯ ಮೇಲೆ ಬರೆದು, ಕೆಳಗೆ ಗೆರೆ ಎಳೆದು, ಪರೀಕ್ಷೆಗೆ ಇಷ್ಟು ಸಾಕು ಎನ್ನುತ್ತಿದ್ದೆ. ಆ ಒಂಬತ್ತು ಅಂಶಗಳಲ್ಲಿ ಎಲ್ಲಿಯೂ ಒಬ್ಬ ಮನುಷ್ಯನಿರಲಿಲ್ಲ ಎಂಬುದು ನನಗೆ ಹೊಳೆದದ್ದು ನಿವೃತ್ತಿಯಾದ ಮೇಲೆ, ಅದೂ ಅಮೆರಿಕದ ಉತ್ತರದಂಚಿನ ಒಂದು ದೊಡ್ಡ ಸರೋವರದ ಮೇಲೆ, ನನಗಿಂತ ವಯಸ್ಸಾದ ಒಂದು ಮರದ ದೋಣಿಯಲ್ಲಿ ಕುಳಿತಿದ್ದಾಗ. ಆ ದಿನದ ಕಥೆಯನ್ನು ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ನನ್ನ ಮಗಳು, ಅಳಿಯ ಡೆಟ್ರಾಯಿಟ್ ನಗರದ ಹೊರವಲಯದಲ್ಲಿ ವಾಸವಾಗಿದ್ದಾರೆ. ಅವರ ನೆರೆಮನೆಯಲ್ಲಿ ಕಾರು ಕಾರ್ಖಾನೆಗೆ ಅಚ್ಚು, ಉಪಕರಣಗಳನ್ನು ತಯಾರಿಸುವ ಕೆಲಸದಿಂದ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ವಯಸ್ಸು ಎಂಬತ್ತರ ಸಮೀಪ. ಅವರ ಇಂಗ್ಲಿಷಿನ ಉಚ್ಚಾರ ನನಗೆ ಅರ್ಧ ತಿಳಿಯುತ್ತಿರಲಿಲ್ಲ, ನನ್ನದು ಅವರಿಗೆ ಅರ್ಧ ತಿಳಿಯುತ್ತಿರಲಿಲ್ಲ. ಆದರೂ ನಮ್ಮಿಬ್ಬರಿಗೆ ಹೇಗೋ ಸ್ನೇಹ ಬೆಳೆಯಿತು. ಕಳೆದ ಸಲ ನಾವು ಅಲ್ಲಿಗೆ ಹೋಗಿದ್ದಾಗ, ಆಗಸ್ಟ್ ತಿಂಗಳಲ್ಲಿ, ಉತ್ತರದಲ್ಲಿರುವ ತಮ್ಮ ಚಿಕ್ಕ ಬೇಸಿಗೆ ಮನೆಗೆ ನಮ್ಮನ್ನು ಆಹ್ವಾನಿಸಿದರು.

ಡೆಟ್ರಾಯಿಟಿನಿಂದ ಸುಮಾರು 500 ಕಿಲೋಮೀಟರ್ ಪ್ರಯಾಣ. ದಾರಿಯಲ್ಲಿ ಮಿಷಿಗನ್ ಮತ್ತು ಹ್ಯೂರನ್ ಸರೋವರಗಳು ಕೂಡುವ ಜಲಸಂಧಿಯ ಮೇಲೆ 1957ರಲ್ಲಿ ಸಂಚಾರಕ್ಕೆ ತೆರೆದ ಮ್ಯಾಕಿನಾ ಸೇತುವೆಯಿದೆ. ಅದನ್ನು ದಾಟಿ ಪೂರ್ವಕ್ಕೆ ತಿರುಗಿದರೆ ಹ್ಯೂರನ್ನಿನ ಉತ್ತರ ದಡದಲ್ಲಿ ಹೆಸೆಲ್ ಎಂಬ ಸಣ್ಣ ಊರು. ಊರಿನ ಮುಂದೆ ನೀರಿನಲ್ಲಿ ಚದುರಿದಂತೆ 36 ದ್ವೀಪಗಳು. ಹಿಂದೆ ಬಂದ ಫ್ರೆಂಚರು ಆ ದ್ವೀಪಗಳ ನಡುವಿನ ಕಾಲುವೆಗಳನ್ನು ನೋಡಿ 'ಲೇ ಶೆನೋ' ಎಂದು ಹೆಸರಿಟ್ಟರು. ಅವರಿಗಿಂತ ಬಹಳ ಮೊದಲೇ ಒಡಾವಾ ಮತ್ತು ಓಜಿಬ್ವೆ ಜನ ಇಲ್ಲಿ ಭೂರ್ಜದ ತೊಗಟೆಯ ದೋಣಿಗಳಲ್ಲಿ ಸಂಚರಿಸುತ್ತಿದ್ದರು.

ಸರೋವರ ಎಂದೊಡನೆ ನಮ್ಮ ಊರಿನ ಕೆರೆಯನ್ನು ಕಲ್ಪಿಸಿಕೊಳ್ಳಬೇಡಿ. ಹ್ಯೂರನ್ನಿನ ವಿಸ್ತೀರ್ಣ ಸುಮಾರು 59,600 ಚದರ ಕಿಲೋಮೀಟರ್. ಎಂದರೆ ಕರ್ನಾಟಕದ ಮೂರನೆಯ ಒಂದು ಭಾಗಕ್ಕೆ ಸಮೀಪ. ಅತಿ ಆಳ 229 ಮೀಟರ್. ಉಪ್ಪಿಲ್ಲ ಎಂಬುದನ್ನು ಬಿಟ್ಟರೆ ಅದು ಸಮುದ್ರವೇ. 1913ರ ನವೆಂಬರಿನ ಒಂದೇ ಬಿರುಗಾಳಿಯಲ್ಲಿ ಈ ಮಹಾಸರೋವರಗಳಲ್ಲಿ 250ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಹೆಚ್ಚಿನ ಹಡಗುಗಳು ಮುಳುಗಿದ್ದು ಈ ಹ್ಯೂರನ್ನಿನಲ್ಲೇ. ದ್ವೀಪಗಳ ಮರೆಯಲ್ಲಿರುವುದರಿಂದ ಹೆಸೆಲ್ಲಿನ ನೀರು ಶಾಂತ. ಆದುದರಿಂದಲೇ ಚಿಕ್ಕ ದೋಣಿಗಳಿಗೆ ಅದು ತವರು. ಅಲ್ಲಿ ಮನೆಯ ಪಕ್ಕದಲ್ಲಿ ಕೊಟ್ಟಿಗೆಯಿದ್ದಂತೆ ನೀರಿನ ಮೇಲೆ ದೋಣಿಮನೆಗಳಿವೆ.

ಅಂಥದೊಂದು ದೋಣಿಮನೆಯ ಬಾಗಿಲನ್ನು ತೆರೆದು ನಮ್ಮ ಮಿತ್ರರು ತಮ್ಮ ದೋಣಿಯನ್ನು ತೋರಿಸಿದರು. 1948ರಲ್ಲಿ ತಯಾರಾದ, 22 ಅಡಿ ಉದ್ದದ ಕ್ರಿಸ್-ಕ್ರಾಫ್ಟ್ ಮೋಟಾರು ದೋಣಿ. 'ಸ್ಪೋರ್ಟ್ಸ್‌ಮನ್' ಎಂಬ ಮಾದರಿ. ಕೆಂಗಂದು ಬಣ್ಣದ ಮರ, ಅದರ ಮೇಲೆ ಗಾಜಿನಂತೆ ಹೊಳೆಯುವ ವಾರ್ನಿಷು. ಇಪ್ಪತ್ತು ವರ್ಷಗಳ ಹಿಂದೆ ಯಾರದೋ ಹುಲ್ಲಿನ ಮನೆಯಲ್ಲಿ ಕೋಳಿಗಳು ಮೊಟ್ಟೆಯಿಡುತ್ತಿದ್ದ ಸ್ಥಿತಿಯಲ್ಲಿ ಇದನ್ನು ಕೊಂಡರಂತೆ. ಆರು ಚಳಿಗಾಲ ದುಡಿದು ಸರಿಪಡಿಸಿದರಂತೆ.

ಈ ದೋಣಿಯ ವಂಶವೃಕ್ಷವನ್ನು ಸ್ವಲ್ಪ ಹೇಳಬೇಕು. ಡೆಟ್ರಾಯಿಟಿನ ಈಶಾನ್ಯಕ್ಕೆ, ಸೇಂಟ್ ಕ್ಲೇರ್ ನದಿಯ ದಡದಲ್ಲಿ, ಅಲ್ಗೊನಾಕ್ ಎಂಬ ಊರಿದೆ. ಕ್ರಿಸ್ಟೋಫರ್ ಕೊಲಂಬಸ್ ಸ್ಮಿತ್ ಎಂಬಾತ 1861ರಲ್ಲಿ ಹುಟ್ಟಿದವನು. ತನ್ನ 13ನೆಯ ವಯಸ್ಸಿನಲ್ಲಿ, 1874ರಲ್ಲಿ, ಬಾತುಕೋಳಿ ಬೇಟೆಗೆಂದು ತನ್ನ ಮೊದಲ ದೋಣಿಯನ್ನು ಕಟ್ಟಿದ. ಮುಂದೆ ಅವನ ಕೈಯ ವೇಗದ ದೋಣಿಗಳು ಹೆಸರು ಮಾಡಿದವು. ಲಾರಿಗಳಿಗೆ ದ್ರವದ ಒತ್ತಡದಿಂದ ನಡೆಯುವ ಎತ್ತುಗವನ್ನು ಕಂಡುಹಿಡಿದು ಶ್ರೀಮಂತನಾಗಿದ್ದ ಗಾರ್ ವುಡ್ 1916ರಲ್ಲಿ ಅವನ ಜೊತೆ ಸೇರಿದ. ಅವರು ಕಟ್ಟಿದ 'ಮಿಸ್ ಅಮೆರಿಕ' ದೋಣಿ 1920ರಲ್ಲಿ ಇಂಗ್ಲೆಂಡಿಗೆ ಹೋಗಿ ಹಾರ್ಮ್ಸ್‌ವರ್ತ್ ಪಾರಿತೋಷಕವನ್ನು ಗೆದ್ದು ತಂದಿತು. ಗಾರ್ ವುಡ್ ಮುಂದೆಯೂ ವೇಗದ ಹಿಂದೆಯೇ ಹೋದ. 1931ರಲ್ಲಿ ನೀರಿನ ಮೇಲೆ ಗಂಟೆಗೆ 100 ಮೈಲಿಯ ಗಡಿಯನ್ನು ದಾಟಿದವನು ಅವನೇ.

ಸ್ಮಿತ್ ಮಾತ್ರ ಬೇರೆ ದಾರಿ ಹಿಡಿದ. 1922ರಲ್ಲಿ ವುಡ್‌ನಿಂದ ಬೇರೆಯಾಗಿ ತನ್ನ ಮಕ್ಕಳೊಡನೆ ಸ್ವಂತ ಕಂಪನಿ ತೆರೆದ. ಕಾರನ್ನು ಹೆನ್ರಿ ಫೋರ್ಡ್ ಸಾಮಾನ್ಯರ ಮನೆಗೆ ತಂದಂತೆ ದೋಣಿಯನ್ನು ತರಬೇಕೆಂಬುದು ಅವರ ಹಂಬಲ. ಒಂದೇ ಅಳತೆಯ ದೋಣಿಗಳನ್ನು ಸಾಲಾಗಿ ತಯಾರಿಸಿದರು. ಮೊದಲ ಮಹಾಯುದ್ಧ ಮುಗಿದು ವಿಮಾನದ ಕರ್ಟಿಸ್ ಇಂಜಿನುಗಳು ಅಗ್ಗಕ್ಕೆ ಸಿಗುತ್ತಿದ್ದ ಕಾಲ. ಅವನ್ನೇ ನೀರಿಗೆ ಹೊಂದಿಸಿಕೊಂಡರು. ಹೆಸೆಲ್ಲಿನಲ್ಲಿ 1925ರಲ್ಲಿ ಆರಂಭವಾದ ಮರ್ಟಾ ಅವರ ದೋಣಿ ಮಳಿಗೆ, ಕ್ರಿಸ್-ಕ್ರಾಫ್ಟಿನ ಮೊತ್ತಮೊದಲ ಅಧಿಕೃತ ಮಾರಾಟಗಾರ ಎಂದು ಹೆಸರಾಗಿದೆ.

ಅಷ್ಟರಲ್ಲಿ ಬಂತು ನಮ್ಮ ಪಾಠದ 1929. ಕೊಳ್ಳುವ ಕೈಗಳು ಬರಿದಾದವು. 1933ರ ಫೆಬ್ರುವರಿಯಲ್ಲಿ ಮಿಷಿಗನ್ ರಾಜ್ಯದ ಬ್ಯಾಂಕುಗಳೆಲ್ಲ ಸರ್ಕಾರದ ಆಜ್ಞೆಯಂತೆ ಬಾಗಿಲು ಹಾಕಿದವು. ಶ್ರೀಮಂತರ ಆಟಿಕೆಯನ್ನು ಮಾಡುವವನಿಗೆ ಅಂಥ ದಿನಗಳಲ್ಲಿ ಉಳಿಗಾಲವೆಲ್ಲಿ? ಅನೇಕ ದೋಣಿ ಕಾರ್ಖಾನೆಗಳು ನೆಲ ಕಚ್ಚಿದವು. ಸ್ಮಿತ್ ಕುಟುಂಬ ಬೆಲೆ ಇಳಿಸಿತು, ಆಡಂಬರವನ್ನು ಕಳಚಿತು. ಒಳಗೆ ಬಿಡುವಾದ ಜಾಗ, ನಡುವೆ ಪೆಟ್ಟಿಗೆಯಲ್ಲಿ ಮುಚ್ಚಿದ ಇಂಜಿನು, ಮೀನಿಗೂ ಸಾಮಾನಿಗೂ ಮಕ್ಕಳಿಗೂ ಒದಗುವ ಸರಳ ದೋಣಿಗಳನ್ನು ಮಾಡಿತು. ನಾನು ಏರಿದ 'ಸ್ಪೋರ್ಟ್ಸ್‌ಮನ್' ಆ ಸರಳ ದೋಣಿಗಳ ವಂಶದ ಕುಡಿ. 'ಮುಗ್ಗಟ್ಟಿನ ಪರಿಣಾಮಗಳು ಐದು' ಎಂದು ಬರೆಸಿದ್ದೆನಲ್ಲ, ಆರನೆಯದು ನನ್ನ ಕಾಲ ಕೆಳಗಿತ್ತು.

ಸ್ಮಿತ್ 1939ರಲ್ಲಿ ತೀರಿಕೊಂಡ. ಎರಡನೆಯ ಮಹಾಯುದ್ಧದಲ್ಲಿ ಅದೇ ಕಂಪನಿ ಸೈನಿಕರನ್ನು ದಡಕ್ಕಿಳಿಸುವ ದೋಣಿಗಳನ್ನು ಸಾವಿರಾರು ಸಂಖ್ಯೆಯಲ್ಲಿ ಕಟ್ಟಿತು. ಯುದ್ಧ ಮುಗಿದಾಗ ಮಹೋಗನಿ ಮರಕ್ಕೆ ಬರ. 1946ರ ಕೆಲವು ದೋಣಿಗಳಿಗೆ ಸೀಡರ್ ಹಲಗೆ ಹಾಕಬೇಕಾಯಿತು. ಅವರು ಬಳಸುತ್ತಿದ್ದ ಮಹೋಗನಿಯಾದರೂ ಬಹುಪಾಲು ಫಿಲಿಪೈನ್ಸಿನಿಂದ ಬರುತ್ತಿದ್ದ, ನಿಜವಾದ ಮಹೋಗನಿಯ ಜಾತಿಗೇ ಸೇರದ ಮರ. 1960ರಲ್ಲಿ ಕುಟುಂಬ ಕಂಪನಿಯನ್ನು ಮಾರಿತು. ಫೈಬರ್‌ಗ್ಲಾಸ್ ಬಂದ ಮೇಲೆ ಮರದ ಕಾಲ ಮುಗಿಯಿತು. ಕ್ರಿಸ್-ಕ್ರಾಫ್ಟಿನ ಕೊನೆಯ ಮಹೋಗನಿ ದೋಣಿ ಹೊರಬಂದದ್ದು 1971ರಲ್ಲಿ. ವರ್ಷವರ್ಷವೂ ಉಜ್ಜಿ ಬಣ್ಣ ಹಚ್ಚಬೇಕಾದ ಹಳೆಯ ದೋಣಿಗಳು ಯಾರಿಗೂ ಬೇಡವಾದವು. ಎಷ್ಟೋ ಸೌದೆಯಾದವು.

ಉಳಿದವನ್ನು ಉಳಿಸಿದ್ದು ಸರ್ಕಾರವಲ್ಲ, ಹವ್ಯಾಸಿಗಳು. 1975ರಲ್ಲಿ ನ್ಯೂಯಾರ್ಕ್ ರಾಜ್ಯದ ಲೇಕ್ ಜಾರ್ಜಿನಲ್ಲಿ ಪುರಾತನ ದೋಣಿಗಳ ಸಂಘವೊಂದು ಹುಟ್ಟಿತು. ಹೆಸೆಲ್ಲಿನಲ್ಲಿ 1978ರಿಂದ ಆಗಸ್ಟಿನಲ್ಲಿ ಮರದ ದೋಣಿಗಳ ಜಾತ್ರೆ ನಡೆಯುತ್ತ ಬಂದಿದೆ. 1981ರಲ್ಲಿ ತೆರೆಕಂಡ 'ಆನ್ ಗೋಲ್ಡನ್ ಪಾಂಡ್' ಚಲನಚಿತ್ರದಲ್ಲಿ ಇದೇ 22 ಅಡಿಯ ಮಾದರಿಯ ದೋಣಿಯನ್ನು ನೋಡಿದ ಜನ ತಮ್ಮ ಹಿತ್ತಿಲ ಕೊಟ್ಟಿಗೆಗಳನ್ನು ತಡಕಿದರು. ವರ್ಜೀನಿಯಾದ ಮ್ಯಾರಿನರ್ಸ್ ಮ್ಯೂಸಿಯಂನಲ್ಲಿ ಕಂಪನಿಯ ಹಳೆಯ ದಾಖಲೆಗಳಿವೆ. ದೋಣಿಯ ಮೇಲೆ ಒತ್ತಿದ ಸಂಖ್ಯೆಯನ್ನು ಬರೆದು ಕಳುಹಿಸಿದರೆ, ಯಾವ ಇಂಜಿನಿನೊಡನೆ ಯಾವಾಗ ಯಾವ ಊರಿಗೆ ಹೋಯಿತು ಎಂಬ ಕಾರ್ಡಿನ ಪ್ರತಿ ದೊರೆಯುತ್ತದೆ. ಮಿತ್ರರು ಆ ಕಾರ್ಡನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದರು. ಜನ್ಮಕುಂಡಲಿಯೇ ಸರಿ!

ಇನ್ನು ಸವಾರಿಯ ವಿಷಯ. ಇಂಜಿನನ್ನು ಚಾಲೂ ಮಾಡುವ ಮೊದಲು ಅವರು ಒಂದು ಪುಟ್ಟ ಫ್ಯಾನನ್ನು ನಾಲ್ಕೈದು ನಿಮಿಷ ಓಡಿಸಿದರು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ದೋಣಿಯ ತಳದಲ್ಲಿ ಶೇಖರವಾಗಿದ್ದರೆ ಒಂದು ಕಿಡಿ ಸಾಕು. ಬಳಿಕ ಆರು ಸಿಲಿಂಡರಿನ, 95 ಅಶ್ವಶಕ್ತಿಯ ಇಂಜಿನು ಎದ್ದಿತು. ಇಂದಿನ ಯಂತ್ರಗಳ ಕಿರುಚಾಟವಲ್ಲ ಅದು. ಗಂಟಲು ಸರಿಪಡಿಸಿಕೊಂಡು ಮಾತಿಗೆ ತೊಡಗುವ ಹಿರಿಯರ ಧ್ವನಿ. ಅತಿ ದೊಡ್ಡದಾದ ಮಾರ್ಕೆಟ್ ದ್ವೀಪದ ಅಂಚಿನಲ್ಲಿ ಸಾಗಿ, ದೇವದಾರಿನಂಥ ಮರಗಳ ನೆರಳನ್ನು ದಾಟಿ, ಬಯಲು ಸರೋವರದ ಬಾಯಿಗೆ ಬಂದೆವು. ಅಲೆಗಳು ಎದ್ದವು, ಮೂತಿ ಮೇಲೆದ್ದು ಇಳಿಯಿತು, ಆಗಸ್ಟಿನಲ್ಲಿಯೂ ಮೈ ನಡುಗಿಸುವ ನೀರು ಮುಖಕ್ಕೆ ಸಿಡಿಯಿತು. ನನ್ನ ಶ್ರೀಮತಿ ಎರಡೂ ಕೈಗಳಿಂದ ಸೀಟನ್ನು ಹಿಡಿದು ಮನಸ್ಸಿನಲ್ಲೇ ಯಾವುದೋ ದೇವರಿಗೆ ಹರಕೆ ಹೊರುತ್ತಿದ್ದಳು. ದಿಗಂತದಲ್ಲಿ ಉದ್ದನೆಯ ಸರಕು ಹಡಗೊಂದು ಕಡ್ಡಿಯಂತೆ ತೋರುತ್ತಿತ್ತು.

ಮಿತ್ರರು ಇಂಜಿನು ನಿಲ್ಲಿಸಿ, ನೆಲದ ಹಲಗೆಯೊಂದನ್ನು ಎತ್ತಿ ತಳವನ್ನು ತೋರಿಸಿದರು. ಕಾರ್ಖಾನೆಯಿಂದ ಬಂದಾಗ ತಳಕ್ಕೆ ಎರಡು ಪದರ ಹಲಗೆ, ನಡುವೆ ಕ್ಯಾನ್ವಾಸ್ ಬಟ್ಟೆ. ಪ್ರತಿ ವಸಂತದಲ್ಲಿ ನೀರಿಗಿಳಿಸಿದಾಗ ಮೊದಲು ಸೋರುತ್ತದೆ. ಮರ ನೀರು ಕುಡಿದು ಉಬ್ಬಿ ಸಂದುಗಳು ತಾವೇ ಮುಚ್ಚಿಕೊಳ್ಳಬೇಕು. ಅವರು ಕೊಂಡಾಗ ಆ ತಳ ಪೂರ್ತಿ ಕೊಳೆತಿತ್ತು. ಎಲ್ಲ ಹಲಗೆಗಳನ್ನೂ ಹೊಸದಾಗಿ ಹಾಕಿದರು. ಹಿತ್ತಾಳೆಯ ತಿರುಪುಗಳ ಬದಲು ಕಂಚಿನವು. ಒಂದೊಂದರ ತಲೆಯ ಮೇಲೂ ಅದೇ ಮರದ ಬಿರಡೆ, ಎಳೆಗೆ ಎಳೆ ಹೊಂದಿಸಿ.

"ಹಾಗಾದರೆ ಇದು ಅದೇ ದೋಣಿಯೇ?" ಎಂದು ನಾನು ಕೇಳಿಬಿಟ್ಟೆ. ಹಲಗೆಗಳನ್ನೆಲ್ಲ ಬದಲಿಸಿದ ಥೀಸಿಯಸನ ಹಡಗಿನ ಬಗ್ಗೆ ಪ್ಲುಟಾರ್ಕ್ ಬರೆದದ್ದು ನೆನಪಾಗಿತ್ತು. ಅವರು ನಕ್ಕು, ಆ ಪ್ರಶ್ನೆಯನ್ನು ಕೇಳುವವರು ಬಹಳ ಜನ, ಉಜ್ಜುವ ಕಾಗದವನ್ನು ಕೈಗೆತ್ತಿಕೊಳ್ಳುವವರು ಕಡಿಮೆ ಎಂದರು. ನಾನು ಸುಮ್ಮನಾದೆ. ನಮ್ಮ ಶಾಸನಗಳಲ್ಲಿ 'ಖಂಡಸ್ಫುಟಿತ ಜೀರ್ಣೋದ್ಧಾರ'ಕ್ಕೆಂದು ಭೂಮಿ ಬಿಟ್ಟ ಮಾತು ಮತ್ತೆ ಮತ್ತೆ ಬರುತ್ತದೆ. ಒಡೆದದ್ದನ್ನು, ಬಿರುಕು ಬಿಟ್ಟದ್ದನ್ನು ಸರಿಪಡಿಸುವುದಕ್ಕೆ ಎಂದರ್ಥ. ಗುಡಿ ಕಟ್ಟಿದ ದಿನವೇ ಅದು ಒಡೆಯುವ ದಿನಕ್ಕೂ ವ್ಯವಸ್ಥೆ ಮಾಡುತ್ತಿದ್ದರು. ದಾನ ಕೊಡುವುದಕ್ಕಿಂತ ಅದನ್ನು ಕಾಯುವುದು ಹಿರಿದು ಎಂಬ ಭಾವವೂ ಅವುಗಳಲ್ಲೇ ಇದೆ. ಇದನ್ನು ನಿಮಗೆ ಪಾಠ ಹೇಳಿದವನು ನಾನೇ.

ಆಗ ಅವರು ಇನ್ನೊಂದು ಮಾತು ಹೇಳಿದರು. ಬೆನ್ನು ಸಹಕರಿಸುವುದಿಲ್ಲ, ಇನ್ನೆರಡು ಬೇಸಿಗೆ ಆದರೆ ಹೆಚ್ಚು. ಮಕ್ಕಳು ಒಳ್ಳೆಯವರು, ಆದರೆ ದೂರದಲ್ಲಿದ್ದಾರೆ, ಅವರಿಗೆ ಈ ಉಸಾಬರಿ ಬೇಡ. ದುಡ್ಡಿಗೆ ಕೊಳ್ಳುವವರು ಸಿಗುತ್ತಾರೆ. ಹಲಗೆಯನ್ನು ಬೆರಳಿನಿಂದ ತಟ್ಟಿ ನೋಡಿ ಅದರ ಕ್ಷೇಮ ತಿಳಿಯುವವನು ಬೇಕು. ಪಕ್ಕದ ಸೀಡರ್‌ವಿಲ್ಲಿನಲ್ಲಿ 2007ರಲ್ಲಿ ದೋಣಿ ಕಟ್ಟುವುದನ್ನು ಕಲಿಸುವ ಶಾಲೆ ಆರಂಭವಾಗಿದೆ. ಅಲ್ಲಿ ಕಲಿತ ಹುಡುಗನೊಬ್ಬ ಆಗಾಗ ಬಂದು ನೋಡಿಹೋಗುತ್ತಾನೆ, ಅವನ ಬಳಿ ಹಣವಿಲ್ಲ, ಅವನಿಗೇ ಕೊಟ್ಟುಬಿಡಲೇ ಎಂದು ಯೋಚಿಸುತ್ತಿದ್ದೇನೆ ಎಂದರು. ನನ್ನ ಅಭಿಪ್ರಾಯವನ್ನು ಕೇಳಿದರು.

ನನಗೆ ಕೂಡಲೇ ಮಾತು ಹೊರಡಲಿಲ್ಲ. ನನ್ನ ತಂದೆಯವರು ಬಡಗಿಯಾಗಿದ್ದರೆಂಬುದು ನಿಮ್ಮಲ್ಲಿ ಬಂಧುಗಳಾದವರಿಗೆ ಗೊತ್ತು. ಬಾಗಿಲು, ನೇಗಿಲು, ಹೊಳೆ ದಾಟುವ ದೋಣಿ, ಎಲ್ಲ ಅವರ ಕೈಯಿಂದ ಬಂದವು. ನಾನು ಮೇಷ್ಟ್ರಾದೆ, ಅವರಿಗೂ ಅದೇ ಬೇಕಿತ್ತು. ಅವರು ಹೋದ ಮೇಲೆ, ಮನೆ ಬದಲಿಸುವ ಗಡಿಬಿಡಿಯಲ್ಲಿ, ಅವರ ಉಳಿ, ಬಾಚಿ, ಬೈರಿಗೆ, ಕೀಸುಳಿಗಳಿದ್ದ ಪೆಟ್ಟಿಗೆಯನ್ನು ಗುಜರಿಯವನಿಗೆ ತೂಕದ ಲೆಕ್ಕದಲ್ಲಿ ಕೊಟ್ಟೆ. ನಮ್ಮ ಬೀದಿಯಲ್ಲಿಯೇ ಒಬ್ಬ ಎಳೆಯ ಬಡಗಿಯಿದ್ದ. ಅವನನ್ನು ಒಂದು ಮಾತು ಕೇಳಲಿಲ್ಲ. ಎಷ್ಟು ಹಣ ಬಂತೆಂಬುದೂ ಈಗ ನೆನಪಿಲ್ಲ. ತಂದೆಯವರ ಅಂಗೈಯಿಂದ ಸವೆದು ನುಣುಪಾದ ಆ ಕೀಸುಳಿಯ ಹಿಡಿ ಮಾತ್ರ ನೆನಪಿದೆ.

"ಆ ಹುಡುಗನಿಗೇ ಕೊಡಿ" ಎಂದೆ. ಕಾರಣವನ್ನು ನನ್ನ ಅರ್ಧಂಬರ್ಧ ಇಂಗ್ಲಿಷಿನಲ್ಲಿ ಹೇಳಿದೆ. ಈ ಸಲ ಪೂರ್ತಿ ಅರ್ಥವಾಯಿತೆಂದು ತೋರುತ್ತದೆ. ಅವರು ತಲೆಯಾಡಿಸಿ, ಹಲಗೆಯನ್ನು ಮೊದಲಿನಂತೆ ಮುಚ್ಚಿ, ಫ್ಯಾನನ್ನು ಮತ್ತೆ ಓಡಿಸಿದರು. ಮರಳುವಾಗ ಗಾಳಿ ಬೆನ್ನ ಹಿಂದಿತ್ತು. ಗಂಟೆಗೆ ಸುಮಾರು 40 ಕಿಲೋಮೀಟರ್ ವೇಗದಲ್ಲಿ ದೋಣಿ ದಡದ ಕಡೆ ಓಡಿತು. ಶ್ರೀಮತಿ ಸೀಟಿನಿಂದ ಒಂದು ಕೈಯನ್ನು ಬಿಟ್ಟಳು.

ಈ ಚಳಿಗಾಲದಲ್ಲಿ ಮಗಳು ಫೋನಿನಲ್ಲಿ ಹೇಳಿದಳು: ಆ ಹುಡುಗ ವಾರಾಂತ್ಯಗಳಲ್ಲಿ ಬಂದು ವಾರ್ನಿಷು ಉಜ್ಜುತ್ತಿದ್ದಾನಂತೆ, ಹಿರಿಯರು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕುಳಿತು ತಪ್ಪು ಹೇಳುತ್ತಾರಂತೆ.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ನಿಮ್ಮ ಅಟ್ಟದ ಮೇಲೆ ಅಂಥ ಪೆಟ್ಟಿಗೆಯೊಂದಿದ್ದರೆ, ಗುಜರಿಯವನ ಗಂಟೆ ಕೇಳಿಸುವ ಮೊದಲು, ಅದನ್ನು ಬಳಸಬಲ್ಲವನೊಬ್ಬ ನಿಮ್ಮ ಬೀದಿಯಲ್ಲಿದ್ದಾನೆಯೇ ಎಂದು ವಿಚಾರಿಸಿ. ಇದಕ್ಕೆ ಅಂಕವಿಲ್ಲ.